ಸೊಂಟದ ಕೀಲು: ಸವೆಯುವುದೋ, ಕರಗುವುದೋ?

ಕೀಲುನೋವೆಂದು ಆಸ್ಪತ್ರೆಗೆ ಹೋಗಿ ಎಕ್ಸ್-ರೇ ತೆಗೆಸಿಕೊಂಡವರಲ್ಲಿ ಬಹುಮಂದಿ ಮನೆಗೆ ಹೊತ್ತು ತರುವ ಮಾತು ಒಂದೇ: 'ಮೂಳೆ ಸವೆದಿದೆಯಂತೆ.' ಗಾಡಿಯ ಅಚ್ಚು ಸವೆಯುತ್ತದೆ, ಚಪ್ಪಲಿಯ ಅಟ್ಟೆ ಸವೆಯುತ್ತದೆ, ಬೀಸುವ ಕಲ್ಲು ಸವೆಯುತ್ತದೆ. ಹಾಗೆಯೇ ಮೂಳೆಯೂ ಸವೆದಿರಬೇಕೆಂದು ನಂಬಿ, ವಯಸ್ಸನ್ನು ದೂರಿ ಸುಮ್ಮನಾಗುತ್ತೇವೆ. ಆದರೆ ಎಂಬತ್ತು ದಾಟಿದ ಮೇಲೂ ಗದ್ದೆಯ ಬದುವಿನ ಮೇಲೆ ನಡೆದಾಡುವ ಅಜ್ಜಂದಿರಿದ್ದಾರೆ. ಮೂವತ್ತೈದಕ್ಕೇ ಕುಂಟುವ ಮೊಮ್ಮಕ್ಕಳೂ ಇದ್ದಾರೆ. ಇದು ಬರಿಯ ಸವೆತವೇ ಆಗಿದ್ದರೆ ಲೆಕ್ಕ ತಿರುಗುಮುರುಗಾಗುತ್ತಿರಲಿಲ್ಲ.

ಗಾಡಿಯ ಅಚ್ಚಿಗೂ ನಮ್ಮ ಮೂಳೆಗೂ ದೊಡ್ಡದೊಂದು ವ್ಯತ್ಯಾಸವಿದೆ. ಅಚ್ಚು ನಿರ್ಜೀವ ವಸ್ತು, ಮೂಳೆ ಸಜೀವ. ಅದರೊಳಗೆ ರಕ್ತ ಹರಿಯುತ್ತದೆ. ಹಳೆಯ ಭಾಗವನ್ನು ಕೆಡವಿ ಹೊಸದನ್ನು ಕಟ್ಟುವ ಕೆಲಸ ಹಗಲಿರುಳೂ ನಡೆಯುತ್ತದೆ. ಈ ಕೆಲಸದಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆಗೂ ದೊಡ್ಡ ಪಾಲಿದೆ. ರೋಗಾಣುಗಳನ್ನು ಹೊಡೆದೋಡಿಸಲು ಇರುವ ಈ ಕಾವಲು ಪಡೆ ಕೆಲವೊಮ್ಮೆ ಸೊಂಟದ ಕೀಲನ್ನೇ ಹಾಳುಗೆಡವುತ್ತದೆ. ಅದು ಹೇಗೆ, ಅದರಿಂದ ನಾವು ಅರಿಯಬೇಕಾದುದೇನು ಎಂಬುದು ಈ ವಾರದ ವಿಷಯ.

ಮೊದಲು ಕೀಲಿನ ಪರಿಚಯ

ನಮ್ಮ ಆಡುಮಾತಿನಲ್ಲಿ 'ಸೊಂಟ ನೋವು' ಎಂದರೆ ಬೆನ್ನಿನ ಕೆಳಭಾಗದ ನೋವು. ವೈದ್ಯರು ಹೇಳುವ ಸೊಂಟದ ಕೀಲು ಅಲ್ಲಿಲ್ಲ, ತೊಡೆಸಂದಿನ ಆಳದಲ್ಲಿದೆ. ತೊಡೆಮೂಳೆಯ ಮೇಲ್ತುದಿ ಚೆಂಡಿನಂತೆ ಗುಂಡಗಿದ್ದು, ಸೊಂಟದ ಮೂಳೆಯ ಬಟ್ಟಲಿನಂಥ ಕುಳಿಯಲ್ಲಿ ಕುಳಿತಿರುತ್ತದೆ. ಚೆಂಡಿಗೂ ಬಟ್ಟಲಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಕೀಲಿನ ಒಳಗೋಡೆಗೆ ತೆಳುವಾದ ಪೊರೆಯಿದ್ದು, ಅದು ಎಣ್ಣೆಯಂಥ ದ್ರವವನ್ನು ಒಸರಿಸುತ್ತದೆ.

ನಡೆಯುವಾಗ ಈ ಕೀಲಿನ ಮೇಲೆ ದೇಹತೂಕದ ಎರಡೂವರೆಯಿಂದ ಮೂರು ಪಟ್ಟು ಭಾರ ಬೀಳುತ್ತದೆ. 60 ಕಿಲೋ ತೂಗುವವರಿಗೆ ಹೆಜ್ಜೆಹೆಜ್ಜೆಗೂ ಸುಮಾರು 150ರಿಂದ 180 ಕಿಲೋ! ಇಷ್ಟು ಭಾರ ಹೊರುವ ಚೆಂಡಿಗೆ ರಕ್ತ ಪೂರೈಸುವ ನಾಳಗಳು ಮಾತ್ರ ಬಹಳ ಸಣ್ಣವು. ಅವುಗಳಲ್ಲಿ ಹೆಚ್ಚಿನವು ಮೂಳೆಯ ಕತ್ತಿನ ಮೇಲೆ ಹಾದು ಬರುತ್ತವೆ. ಮೃದ್ವಸ್ಥಿಗಂತೂ ತನ್ನದೇ ಆದ ರಕ್ತನಾಳಗಳೇ ಇಲ್ಲ. ಆದ್ದರಿಂದ ಅದಕ್ಕೆ ಬಿದ್ದ ಪೆಟ್ಟು ಬೇಗ ಮಾಯುವುದಿಲ್ಲ.

ಒಂದೇ ತವರಿನ ಮಕ್ಕಳು

ಮೂಳೆಯಲ್ಲಿ ಎರಡು ಬಗೆಯ ಕೆಲಸಗಾರರಿದ್ದಾರೆ. ಕಟ್ಟುವ ಜೀವಕೋಶಗಳು ಆಸ್ಟಿಯೋಬ್ಲಾಸ್ಟ್‌ಗಳು. ಕೆಡವುವ, ಅಂದರೆ ಮೂಳೆಯನ್ನು ಕರಗಿಸುವ ಜೀವಕೋಶಗಳು ಆಸ್ಟಿಯೋಕ್ಲಾಸ್ಟ್‌ಗಳು. ಇವೆರಡರ ಕೆಲಸ ಸರಿದೂಗಿದರೆ ಮೂಳೆ ಗಟ್ಟಿಯಾಗಿರುತ್ತದೆ. ಕೆಡವುವ ಕೆಲಸ ಮುಂದಾಗಿ ಕಟ್ಟುವುದು ಹಿಂದೆ ಬಿದ್ದರೆ ಮೂಳೆ ಸೊರಗುತ್ತದೆ.

ಕುತೂಹಲದ ಸಂಗತಿಯೆಂದರೆ, ಮೂಳೆ ಕರಗಿಸುವ ಈ ಜೀವಕೋಶಗಳು ಹುಟ್ಟುವುದು ಮೂಳೆಮಜ್ಜೆಯಲ್ಲಿ, ಅದೂ ಬಿಳಿರಕ್ತಕಣಗಳ ವಂಶದಲ್ಲಿ. ರೋಗಾಣುಗಳನ್ನು ನುಂಗಿ ಹಾಕುವ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕಣಗಳೂ ಇವೂ ಒಂದೇ ತವರಿನ ಮಕ್ಕಳು. ಒಂದಕ್ಕೆ ರೋಗಾಣು ಆಹಾರ, ಇನ್ನೊಂದಕ್ಕೆ ಮೂಳೆ ಆಹಾರ!

'ಮೂಳೆ ಕರಗಿಸಿ' ಎಂದು ಆಜ್ಞೆ ಕೊಡುವ ರಾಸಾಯನಿಕವೊಂದನ್ನು ವಿಜ್ಞಾನಿಗಳು 1997-98ರಲ್ಲಿ ಗುರುತಿಸಿದರು. ಅದರ ಹೆಸರು ರ‍್ಯಾಂಕ್-ಎಲ್. ಮೂಳೆಯನ್ನು ಅಭ್ಯಸಿಸುತ್ತಿದ್ದವರೂ ರೋಗನಿರೋಧಕ ವ್ಯವಸ್ಥೆಯನ್ನು ಅಭ್ಯಸಿಸುತ್ತಿದ್ದವರೂ ಬೇರೆ ಬೇರೆ ದಾರಿಯಲ್ಲಿ ನಡೆದು ಬಂದು ತಲುಪಿದ್ದು ಇದೇ ವಸ್ತುವನ್ನು. ನಮ್ಮ ಟಿ-ಕಣಗಳೆಂಬ ಕಾವಲುಗಾರರು ಕೆರಳಿದಾಗ ಈ ವಸ್ತುವನ್ನು ಹೊರಸೂಸುತ್ತಾರೆ. ಆಗ ಮೂಳೆ ಕರಗಿಸುವ ಕಣಗಳು ಹೆಚ್ಚುತ್ತವೆ. 2000ದಲ್ಲಿ ಈ ಅಧ್ಯಯನಕ್ಕೆ ಆಸ್ಟಿಯೋ-ಇಮ್ಯುನಾಲಜಿ ಎಂಬ ಹೆಸರೇ ಹುಟ್ಟಿತು. ಈ ಆಜ್ಞೆಯನ್ನು ತಡೆಯುವ ಡೆನೋಸುಮ್ಯಾಬ್ ಎಂಬ ಚುಚ್ಚುಮದ್ದು 2010ರಿಂದ ಮೂಳೆ ಟೊಳ್ಳಾಗುವ ರೋಗಕ್ಕೆ ಬಳಕೆಯಲ್ಲಿದೆ.

ಕೃತಕ ಕೀಲು ಕಲಿಸಿದ ಪಾಠ

ರೋಗಾಣುವೇ ಇಲ್ಲದೆ ಕಾವಲು ಪಡೆ ಮೂಳೆಯನ್ನು ಕೆಡವಬಲ್ಲದೇ? ಬಲ್ಲದು ಎನ್ನಲು ಕೃತಕ ಕೀಲಿನ ಚರಿತ್ರೆಯೇ ಸಾಕ್ಷಿ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಕೀಲಿಗೆ ಟೆಫ್ಲಾನಿನ ಬಟ್ಟಲನ್ನು ಕೂರಿಸತೊಡಗಿದರು. ಮೊದಮೊದಲು ರೋಗಿಗಳು ನೋವಿಲ್ಲದೆ ನಡೆದಾಡಿದರು. ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ತೇಯ್ದು ಪುಡಿಯಾಯಿತು. ಆ ಪುಡಿಯನ್ನು ಶತ್ರುವೆಂದು ಬಗೆದ ಭಕ್ಷಕ ಕಣಗಳು ಮುತ್ತಿಕೊಂಡವು. ಸುತ್ತಲಿನ ಮೂಳೆ ಕರಗಿ ಕೀಲು ಸಡಿಲವಾಯಿತು. ಚಾರ್ನ್‌ಲಿ ಆ ಪುಡಿಯನ್ನು ತಮ್ಮ ತೊಡೆಗೇ ಸೇರಿಸಿಕೊಂಡು ಪರೀಕ್ಷಿಸಿದರು. ಅಲ್ಲಿ ಗಂಟು ಎದ್ದಿತು. ಬಳಿಕ 1962ರಲ್ಲಿ ಅವರು ಪಾಲಿಎಥಿಲೀನ್ ಎಂಬ ಹೆಚ್ಚು ಗಟ್ಟಿಯಾದ ಪ್ಲಾಸ್ಟಿಕ್ಕಿಗೆ ಬದಲಾಯಿಸಿದರು. ಇಂದಿನ ಕೃತಕ ಕೀಲುಗಳ ಮೂಲಮಾದರಿ ಅದೇ. ಈಗ ಬಳಸುವ ಸುಧಾರಿತ ಪಾಲಿಎಥಿಲೀನ್ ಬಹಳ ಕಡಿಮೆ ತೇಯುವುದರಿಂದ ಈ ತೊಂದರೆ ಹಿಂದಿಗಿಂತ ತಗ್ಗಿದೆ.

ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ಸೊಂಟದ ಕೀಲು ಹಾಳಾಗುವ ಮೂರು ಮುಖ್ಯ ಬಗೆಗಳನ್ನು ನೋಡೋಣ. ಮೂರರಲ್ಲೂ ಕಾವಲು ಪಡೆಯ ಕೈವಾಡವಿದೆ. ಆದರೆ ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ; ಚಿಕಿತ್ಸೆಯೂ ಒಂದೇ ಅಲ್ಲ.

1. ಬೂದಿ ಮುಚ್ಚಿದ ಕೆಂಡ: ಆಸ್ಟಿಯೋ ಆರ್ಥ್ರೈಟಿಸ್

ನಾವು 'ಸವೆತ' ಎನ್ನುವುದು ಸಾಮಾನ್ಯವಾಗಿ ಇದನ್ನೇ. ವಯಸ್ಸು, ಹೆಚ್ಚಿದ ತೂಕ, ಹಳೆಯ ಪೆಟ್ಟು, ಹುಟ್ಟಿನಿಂದಲೇ ಆಳವಿಲ್ಲದ ಬಟ್ಟಲು ಮುಂತಾದುವು ಇದಕ್ಕೆ ಕಾರಣ. ಮೃದ್ವಸ್ಥಿಯ ಚೂರುಗಳು ಕಳಚಿ ಕೀಲಿನ ದ್ರವಕ್ಕೆ ಬೀಳುತ್ತವೆ. ಕೀಲುಪೊರೆಯಲ್ಲಿರುವ ಭಕ್ಷಕ ಕಣಗಳು ಅವನ್ನು ಗುಡಿಸಲು ಬಂದು ಇಂಟರ್‌ಲ್ಯೂಕಿನ್, ಟಿಎನ್‌ಎಫ್ ಮುಂತಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಇವುಗಳ ಪ್ರಭಾವದಿಂದ ಮೃದ್ವಸ್ಥಿಯನ್ನು ಒಡೆಯುವ ಕಿಣ್ವಗಳು ಹೆಚ್ಚಿ, ಮತ್ತಷ್ಟು ಚೂರುಗಳು ಏಳುತ್ತವೆ. ಹೀಗೆ ವಿಷವರ್ತುಲ ಮುಂದುವರಿಯುತ್ತದೆ.

ಇಲ್ಲಿ ಉರಿ ಭುಗಿಲೇಳುವುದಿಲ್ಲ, ಒಳಗೊಳಗೇ ಹೊಗೆಯಾಡುತ್ತದೆ. ನಡೆದಷ್ಟೂ ನೋವು ಹೆಚ್ಚು, ಕುಳಿತರೆ ಆರಾಮ. ಬೆಳಿಗ್ಗೆ ಬಿಗಿತವಿದ್ದರೂ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಕೀಲು ಬಿಗಿದಂತೆ ಕಾಲುಗುರು ಕತ್ತರಿಸುವುದು, ಕುಕ್ಕರಗಾಲಲ್ಲಿ ಕೂರುವುದು ಕಷ್ಟವಾಗುತ್ತದೆ.

ಕಾವಲು ಪಡೆಯನ್ನು ಹತ್ತಿಕ್ಕುವ ಪ್ರಬಲ ಔಷಧಿಗಳನ್ನು ಈ ರೋಗದಲ್ಲೂ ಪ್ರಯೋಗಿಸಿ ನೋಡಲಾಗಿದೆ. ರುಮಟಾಯ್ಡ್ ಸಂಧಿವಾತದಲ್ಲಿ ಸಿಕ್ಕಂಥ ಫಲ ಇಲ್ಲಿ ಸಿಕ್ಕಿಲ್ಲ. ತೂಕ ಇಳಿಸುವುದು, ತೊಡೆ-ಪೃಷ್ಠದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಊರುಗೋಲು, ಮಿತವಾದ ನೋವುನಿವಾರಕ, ಕೊನೆಗೆ ಕೀಲು ಬದಲಾವಣೆ: ಇವೇ ಇಂದಿಗೂ ನಂಬಬಹುದಾದ ಚಿಕಿತ್ಸೆ.

2. ಬೇಲಿಯೇ ಹೊಲ ಮೇಯ್ದಾಗ: ಸ್ವಯಂನಿರೋಧಕ ರೋಗಗಳು

ಇಲ್ಲಿ ಕಾವಲು ಪಡೆಗೆ ತನ್ನವರು, ಪರರು ಎಂಬ ವಿವೇಕವೇ ತಪ್ಪುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಕೈಬೆರಳು, ಮಣಿಕಟ್ಟುಗಳಲ್ಲಿ ಆರಂಭವಾದ ಉರಿಯೂತ ಕ್ರಮೇಣ ಸೊಂಟದ ಕೀಲಿಗೂ ತಲುಪಬಹುದು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಇನ್ನೊಂದು ರೋಗ ಹೆಚ್ಚಾಗಿ ಯುವಕರನ್ನು ಹಿಡಿಯುತ್ತದೆ, ಸಾಮಾನ್ಯವಾಗಿ 45 ವರ್ಷಕ್ಕೆ ಮುಂಚೆಯೇ. ಬೆನ್ನಿನ ಕೆಳಭಾಗ ಬಿಗಿಯುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸೊಂಟದ ಕೀಲೂ ಕೆಡುತ್ತದೆ.

ಇದರ ಗುರುತು ಸವೆತಕ್ಕೆ ತದ್ವಿರುದ್ಧ. ವಿಶ್ರಾಂತಿಯಲ್ಲಿ ನೋವು ಹೆಚ್ಚು, ಓಡಾಡಿದರೆ ಕಡಿಮೆ. ಬೆಳಗಿನ ಜಾವ ನೋವಿನಿಂದ ಎಚ್ಚರವಾಗುತ್ತದೆ. ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮೈ ಬಿಗಿದಿರುತ್ತದೆ. ಕೆಲವರಿಗೆ ಕಣ್ಣು ಕೆಂಪಾಗಿ ನೋಯುವುದೂ ಉಂಟು.

ಈ ಬಗೆಯಲ್ಲಿ ಕಾವಲು ಪಡೆಯನ್ನು ಹದ್ದಿನಲ್ಲಿಡುವ ಔಷಧಿಗಳು ನಿಜಕ್ಕೂ ಫಲಕಾರಿ. 1992ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಅವರು ಟಿಎನ್‌ಎಫ್ ತಡೆಯುವ ಔಷಧಿಯನ್ನು ಮೊದಲ ಬಾರಿಗೆ ರುಮಟಾಯ್ಡ್ ರೋಗಿಗಳಿಗೆ ಕೊಟ್ಟು ಯಶಸ್ಸು ಕಂಡರು. ಈಗ ಇಂಥ ಔಷಧಿಗಳು ನಮ್ಮಲ್ಲೂ ಸಿಗುತ್ತವೆ. ಬೇಗ ಗುರುತಿಸಿ ಚಿಕಿತ್ಸೆ ಆರಂಭಿಸಿದರೆ ಅನೇಕರ ಕೀಲು ಉಳಿಯುತ್ತದೆ. 'ಸವೆತ' ಎಂದುಕೊಂಡು ಐದು ವರ್ಷ ಮುಲಾಮು ಹಚ್ಚುತ್ತ ಕುಳಿತರೆ ಕಳೆದುಹೋದ ಮೂಳೆ ಮರಳಿ ಬಾರದು.

3. ಗೋಡೆ ಬೀಳುವುದು ದುರಸ್ತಿಯಲ್ಲಿ: ಚೆಂಡಿನ ಸಾವು

ಮೂರನೆಯದು ನನಗೆ ಹೆಚ್ಚು ಆತಂಕದ್ದು; ಏಕೆಂದರೆ ಇದು ಹೆಚ್ಚಾಗಿ ಕಾಣುವುದು ಮೂವತ್ತರಿಂದ ಐವತ್ತರ ನಡುವೆ, ದುಡಿಯುವ ವಯಸ್ಸಿನಲ್ಲಿ. ತೊಡೆಮೂಳೆಯ ಚೆಂಡಿಗೆ ರಕ್ತ ಹೋಗುವುದು ತಗ್ಗಿ ಅದರೊಳಗಿನ ಜೀವಕೋಶಗಳು ಸಾಯುತ್ತವೆ. ಇದಕ್ಕೆ ಅವ್ಯಾಸ್ಕ್ಯುಲರ್ ನೆಕ್ರೋಸಿಸ್, ಸಂಕ್ಷೇಪವಾಗಿ ಎವಿಎನ್ ಎನ್ನುತ್ತಾರೆ. ಮೂಳೆಯ ಕತ್ತು ಮುರಿಯುವುದು, ಅತಿಯಾದ ಮದ್ಯಪಾನ, ಕುಡಗೋಲು ಕಣ ರಕ್ತಹೀನತೆ, ಲೂಪಸ್ ರೋಗ ಹಾಗೂ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಸೇವನೆ ಇದರ ಮುಖ್ಯ ಕಾರಣಗಳು. ಕೆಲವರಲ್ಲಿ ಕಾರಣವೇ ಸಿಗುವುದಿಲ್ಲ.

ಇಲ್ಲೊಂದು ವಿಚಿತ್ರವಿದೆ. ಜೀವಕೋಶಗಳು ಸತ್ತ ಮಾತ್ರಕ್ಕೆ ಮೂಳೆ ಕುಸಿಯುವುದಿಲ್ಲ. ಯಜಮಾನನಿಲ್ಲದ ಮನೆಯ ಗೋಡೆಯಂತೆ ಅದು ಕೆಲಕಾಲ ಭಾರ ಹೊತ್ತು ನಿಂತೇ ಇರುತ್ತದೆ. ಬಳಿಕ ಸುತ್ತಲಿನ ಜೀವಂತ ಮೂಳೆಯಿಂದ ಹೊಸ ರಕ್ತನಾಳಗಳು ಮೂಡುತ್ತವೆ. ಅವುಗಳೊಂದಿಗೆ ಭಕ್ಷಕ ಕಣಗಳೂ ಮೂಳೆ ಕರಗಿಸುವ ಕಣಗಳೂ ಬಂದು ಸತ್ತ ಭಾಗವನ್ನು ತೆರವು ಮಾಡತೊಡಗುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಹಳೆಯ ಗೋಡೆಯನ್ನು ಕೆಡವಿದಷ್ಟು ಬೇಗ ಹೊಸ ಗೋಡೆ ಏಳುವುದಿಲ್ಲ. ಆ ನಡುವೆ ಮೃದ್ವಸ್ಥಿಯ ಕೆಳಗಿನ ಮೂಳೆ ಟೊಳ್ಳಾಗಿ, ಒಂದು ದಿನ ದೇಹದ ಭಾರಕ್ಕೆ ಚೆಂಡು ಚಪ್ಪಟೆಯಾಗುತ್ತದೆ.

ಕುಸಿಯುವ ಮುನ್ನಿನ ಆ ತಿಂಗಳುಗಳೇ ಚಿಕಿತ್ಸೆಗೆ ಅಮೂಲ್ಯವಾದ ಕಾಲ. ಮೂಳೆಗೆ ರಂಧ್ರ ಕೊರೆದು ಒಳಗಿನ ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆಯಿಂದ ಹಲವರಲ್ಲಿ ಚೆಂಡನ್ನು ಉಳಿಸಿಕೊಳ್ಳಲು ಸಾಧ್ಯವಿದೆ. ಕುಸಿದ ಮೇಲೆ ಸಾಮಾನ್ಯವಾಗಿ ಉಳಿಯುವ ದಾರಿ ಕೀಲು ಬದಲಾವಣೆಯೊಂದೇ. ತೊಡಕೆಂದರೆ, ಈ ಆರಂಭದ ಹಂತದಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣುತ್ತದೆ. ಎಂಆರ್‌ಐ ಸ್ಕ್ಯಾನ್ ಮಾತ್ರ ಸತ್ಯ ಹೇಳುತ್ತದೆ. ಮೂಳೆ ಮುರಿತದಿಂದಲ್ಲದೆ ಬಂದ ರೋಗವಾದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇನ್ನೊಂದು ಕಡೆಯ ಕೀಲಿಗೂ ಬರುವುದರಿಂದ ಎರಡನ್ನೂ ನೋಡಬೇಕು.

ನೋವು ಸಹ ದಾರಿ ತಪ್ಪಿಸುತ್ತದೆ. ನನ್ನ ಬಳಿ ಬಂದಿದ್ದ ಲಾರಿ ಚಾಲಕರೊಬ್ಬರು ಏಳು ತಿಂಗಳ ಕಾಲ ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡಿದ್ದರು. ಮಂಡಿಯ ಎಕ್ಸ್-ರೇಯನ್ನೂ ಎರಡು ಬಾರಿ ತೆಗೆಸಿದ್ದರು. ಮಂಡಿಯಲ್ಲಿ ಏನೂ ಇರಲಿಲ್ಲ. ಮಲಗಿಸಿ ತೊಡೆಯನ್ನು ಒಳಕ್ಕೆ ತಿರುಗಿಸಿದಾಗ ಅವರು ನೋವಿನಿಂದ ಕೂಗಿಕೊಂಡರು. ರೋಗವಿದ್ದದ್ದು ಸೊಂಟದ ಕೀಲಿನಲ್ಲಿ. ಸೊಂಟದ ಕೀಲು ಮತ್ತು ಮಂಡಿಗೆ ಒಂದೇ ನರಗಳ ಕವಲುಗಳು ಹೋಗುವುದರಿಂದ ಅಲ್ಲಿಯ ನೋವು ಇಲ್ಲಿ ಕಾಣಿಸಿಕೊಳ್ಳುತ್ತದೆ. ಮಂಡಿ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಸೊಂಟದ ಕೀಲನ್ನು ನೋಡಲೇಬೇಕು.

ಸ್ಟೀರಾಯ್ಡ್: ಅಮೃತವೂ ಹೌದು, ವಿಷವೂ ಹೌದು

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಅವರು ರುಮಟಾಯ್ಡ್ ರೋಗಿಗೆ ಮೊದಲು ಕಾರ್ಟಿಸೋನ್ ಕೊಟ್ಟಾಗ, ನಡೆಯಲಾರದ ರೋಗಿ ಕೆಲವೇ ದಿನಗಳಲ್ಲಿ ನಡೆದರು. 1950ರಲ್ಲಿ ಅವರಿಗೆ ಇತರ ಇಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಬಂತು. 2020ರಲ್ಲಿ ಆಮ್ಲಜನಕದ ಆಸರೆ ಬೇಕಾಗಿದ್ದ ಕೊರೋನಾ ರೋಗಿಗಳ ಪ್ರಾಣ ಉಳಿಸಲು ನೆರವಾದದ್ದೂ ಸ್ಟೀರಾಯ್ಡೇ. ಕೆರಳಿದ ಕಾವಲು ಪಡೆಯನ್ನು ಇಷ್ಟು ಬೇಗ ಶಾಂತಗೊಳಿಸುವ ಔಷಧಿ ಇನ್ನೊಂದಿಲ್ಲ. ಆದರೆ ಅದೇ ಔಷಧಿ ಹೆಚ್ಚು ಪ್ರಮಾಣದಲ್ಲಿ ಸೇರಿದಾಗ ಕೆಲವರಲ್ಲಿ ಚೆಂಡಿನ ರಕ್ತ ಸಂಚಾರ ಕೆಡಿಸುತ್ತದೆ. 2021ರ ನಂತರ ಕೊರೋನಾದಿಂದ ಚೇತರಿಸಿಕೊಂಡ ಕೆಲವರಲ್ಲಿ ಎವಿಎನ್ ಕಾಣಿಸಿಕೊಂಡುದನ್ನು ನಮ್ಮ ದೇಶದ ವೈದ್ಯರೂ ವರದಿ ಮಾಡಿದ್ದಾರೆ.

ಜೀವಕ್ಕೆ ಅಪಾಯವಿದ್ದಾಗ ಸ್ಟೀರಾಯ್ಡ್ ಕೊಡುವುದು ಸರಿಯೇ. ಗೊತ್ತುಪಡಿಸದ ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವುದು ಸರಿಯಲ್ಲ. ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ 'ನೋವಿನ ಪುಡಿ'ಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಹಲವು ಬಾರಿ ಕಂಡುಬಂದಿದೆ. ನುಂಗಿದ ಮಾರನೆಯ ದಿನವೇ ನೋವೆಲ್ಲ ಮಾಯವಾಗಿ, ಹಸಿವು ಹೆಚ್ಚಿ, ಮುಖ ಗುಂಡಗಾಗುತ್ತ ಬಂದರೆ ಸಂತೋಷಪಡಬೇಡಿ, ಅನುಮಾನಪಡಿ.

ಎಲ್ಲಕ್ಕೂ ಕಾವಲು ಪಡೆಯೇ ಹೊಣೆಯಲ್ಲ

ಕನ್ನಡಿಗರಿಗೆ ತಿಳಿದಿರಬೇಕಾದ ಉದಾಹರಣೆಯೊಂದಿದೆ. 1970ರ ದಶಕದ ನಡುವೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಸೊಂಟ, ಮಂಡಿಗಳ ಕೀಲು ಕೆಟ್ಟು ನಡೆಯಲಾರದವರು ಬೆಳಕಿಗೆ ಬಂದರು. ಆ ಊರಿನ ಹೆಸರಿನಿಂದಲೇ ಕಾಯಿಲೆಯನ್ನು ಹಂದಿಗೋಡು ರೋಗ ಎನ್ನುತ್ತಾರೆ. ಅಧ್ಯಯನಗಳಿಂದ ತಿಳಿದದ್ದು, ಇದು ಮೂಳೆ ಬೆಳೆಯುವ ಹಂತದಲ್ಲೇ ದೋಷವಿರುವ ವಂಶವಾಹಿ ರೋಗ ಎಂದು. ಕಾವಲು ಪಡೆಯ ಆಕ್ರಮಣದಿಂದ ಶುರುವಾದುದಲ್ಲ. ಆದ್ದರಿಂದ ಸೊಂಟದ ಕೀಲು ಕೆಟ್ಟವರೆಲ್ಲರಿಗೂ ಒಂದೇ ಔಷಧಿ ಎಂಬುದು ಸಲ್ಲದು.

ಹಾಗೆಯೇ ಕ್ಷಯರೋಗವೂ ಸೊಂಟದ ಕೀಲಿಗೆ ಬರುತ್ತದೆ. ಕುಂಟುವ ಮಗುವಿಗೆ ಸಂಜೆಯ ಜ್ವರ, ತೂಕ ಇಳಿಕೆ, ರಾತ್ರಿ ನೋವಿನಿಂದ ಅಳು ಇದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಇಂಥಲ್ಲಿ ಸ್ಟೀರಾಯ್ಡ್ ಕೊಟ್ಟರೆ ರೋಗಾಣುಗಳಿಗೆ ಬಾಗಿಲು ತೆರೆದಂತೆ. ಜೋರು ಜ್ವರ ಬಂದು ಕಾಲನ್ನು ಅಲುಗಿಸಲೂ ಆಗದಿದ್ದರೆ ಕೀಲಿನಲ್ಲಿ ಕೀವು ತುಂಬಿರಬಹುದು; ಅದೇ ದಿನ ಆಸ್ಪತ್ರೆ ಸೇರಿಸಬೇಕು.

ನೀವು ಮಾಡಬೇಕಾದುದು

• ತೊಡೆಸಂದು, ತೊಡೆಯ ಮುಂಭಾಗ ಅಥವಾ ಮಂಡಿಯ ನೋವು ಮೂರು-ನಾಲ್ಕು ವಾರ ಮೀರಿದರೆ, ಚಕ್ಕಳಮಕ್ಕಳ ಕೂರಲು ಹೊಸದಾಗಿ ಕಷ್ಟವಾದರೆ ವೈದ್ಯರಿಗೆ ತೋರಿಸಿ.

• ಹಿಂದೆ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ, ಮದ್ಯಪಾನದ ಅಭ್ಯಾಸವಿದ್ದರೆ ಮುಚ್ಚಿಡದೆ ಹೇಳಿ. ಹಳೆಯ ಚೀಟಿಗಳನ್ನು ಜೋಪಾನವಾಗಿಡಿ.

• ಬೆಳಗಿನ ಬಿಗಿತ ಎಷ್ಟು ನಿಮಿಷ, ನಡೆದರೆ ಹೆಚ್ಚೋ ಕಡಿಮೆಯೋ ಎಂದು ಒಂದು ವಾರ ಬರೆದಿಟ್ಟುಕೊಂಡು ಹೋಗಿ. ಆ ಚೀಟಿ ಎಷ್ಟೋ ಪರೀಕ್ಷೆಗಳಿಗಿಂತ ಉಪಯುಕ್ತ.

• ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ. ನೋವಿರುವ ಕೀಲಿನ ಮೇಲಿನ ಭಾರ ಇಳಿಯುವುದು ಹಾಗೆ ಹಿಡಿದಾಗಲೇ.

• ನೋವುನಿವಾರಕ ಮಾತ್ರೆಗಳನ್ನು ತಿಂಗಳುಗಟ್ಟಲೆ ನೀವೇ ತೆಗೆದುಕೊಳ್ಳಬೇಡಿ. ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಯಾಗುತ್ತದೆ.

ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

*ರೋಗನಿರೋಧಕ ಶಕ್ತಿ ಹೆಚ್ಚಿಸುವ ಟಾನಿಕ್ ಕುಡಿದರೆ ಕೀಲು ಸರಿಯಾಗುವುದೇ?*

ಇಲ್ಲ. ಸ್ವಯಂನಿರೋಧಕ ರೋಗಗಳಲ್ಲಿ ಕಾವಲು ಪಡೆಗೆ ಶಕ್ತಿ ಸಾಲದೆಂಬುದಲ್ಲ, ಅಂಕೆ ತಪ್ಪಿದೆ ಎಂಬುದೇ ತೊಂದರೆ. ಬೇಕಾದುದು ಅಂಕುಶ, ಮೇವಲ್ಲ. ಆ ಹಣದಲ್ಲಿ ಹಾಲು, ಕಾಳು, ಸೊಪ್ಪು, ಹಣ್ಣು ತನ್ನಿ.

*ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇದನ್ನು ಓದಿ ಭಯವಾಗಿದೆ, ನಿಲ್ಲಿಸಲೇ?*

ಥಟ್ಟನೆ ನಿಲ್ಲಿಸಬೇಡಿ. ಕೆಲವು ವಾರಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಪ್ರಾಣಾಪಾಯವಾಗಬಹುದು. ಬರೆದುಕೊಟ್ಟ ವೈದ್ಯರನ್ನು ಕಂಡು, ಪ್ರಮಾಣ ತಗ್ಗಿಸಲು ಸಾಧ್ಯವೇ ಎಂದು ಕೇಳಿ. ಆಸ್ತಮಾಕ್ಕೆ ಸೇದುವ ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಅತ್ಯಲ್ಪ. ಅದನ್ನಂತೂ ಹೆದರಿ ಬಿಡಬೇಡಿ.

*ರಕ್ತಪರೀಕ್ಷೆಯಲ್ಲಿ ಎಚ್‌ಎಲ್‌ಎ-ಬಿ27 ಇದೆ ಎಂದು ಬಂದಿದೆ. ಮಗನ ಸೊಂಟ ಕೆಟ್ಟೇ ಕೆಡುವುದೇ?*

ಖಂಡಿತ ಇಲ್ಲ. ಈ ಗುಣವಾಹಿ ಇರುವ ಬಹುಪಾಲು ಜನರಿಗೆ ಜೀವಮಾನದಲ್ಲಿ ಈ ರೋಗ ಬರುವುದೇ ಇಲ್ಲ. ಲಕ್ಷಣಗಳ ಜೊತೆಗಿಟ್ಟು ನೋಡಿದಾಗ ಮಾತ್ರ ಆ ಪರೀಕ್ಷೆಗೆ ಬೆಲೆ.

*ಕೀಲು ಬದಲಾವಣೆ ಎಷ್ಟು ವರ್ಷ ಬಾಳುತ್ತದೆ?*

ಈಗಿನ ಕೃತಕ ಕೀಲುಗಳಲ್ಲಿ ಹೆಚ್ಚಿನವು ಹದಿನೈದು-ಇಪ್ಪತ್ತು ವರ್ಷ, ಕೆಲವು ಅದಕ್ಕೂ ಮೀರಿ ಬಾಳುತ್ತವೆ. ವಯಸ್ಸು ಚಿಕ್ಕದಾದಷ್ಟೂ ಮುಂದೊಮ್ಮೆ ಮತ್ತೆ ಬದಲಾಯಿಸಬೇಕಾಗಿ ಬರುವ ಸಂಭವ ಹೆಚ್ಚು. ಆದ್ದರಿಂದಲೇ ಕಿರಿಯರಲ್ಲಿ ಸ್ವಂತ ಕೀಲನ್ನು ಉಳಿಸಿಕೊಳ್ಳಲು ಅಷ್ಟು ಶ್ರಮ.

ಇನ್ನು ಮುಂದೆ ಯಾರಾದರೂ 'ಸವೆದಿದೆ' ಎಂದರೆ ತಲೆಯಾಡಿಸಿ ಹೊರಡಬೇಡಿ. 'ಯಾವ ಬಗೆಯದು ಡಾಕ್ಟ್ರೇ? ಯಾಕೆ ಸವೆದಿದೆ?' ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಸರಿಯಾದ ಚಿಕಿತ್ಸೆ ಆರಂಭವಾಗುವುದು.